ವಿಎಂ ಬಂತು, ವೇಗ ಎಲ್ಲಿ ಹೋಯ್ತು?

(ಸಿಸ್ಟಮ್ ಅಡ್ಮಿನ್‌ಗಳ ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಸರ್, ಶನಿವಾರ ರಾತ್ರಿ ಸರ್ವರ್ ಶಿಫ್ಟ್ ಮಾಡಿದ್ರಲ್ಲ, ಸೋಮವಾರದಿಂದ ಸಿಸ್ಟಮ್ ತುಂಬ ಸ್ಲೋ." ಈ ಮಾತು ಇಲ್ಲಿರುವ ತುಂಬ ಜನರ ಕಿವಿಗೆ ಬಿದ್ದಿರುತ್ತದೆ. ಶಿಫ್ಟ್ ಅಂದರೆ ಒಂದು ವಿಎಂ ಅನ್ನು (ವರ್ಚುವಲ್ ಮಷೀನ್, ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಅದನ್ನು ಓಡಿಸುವ ಒಂದು ಹೈಪರ್‌ವೈಸರ್ ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವುದು. ವಿಎಂ ಒಳಗೆ ನಾವು ಏನನ್ನೂ ಮುಟ್ಟಿಲ್ಲ. ಅದೇ ಆಪರೇಟಿಂಗ್ ಸಿಸ್ಟಮ್, ಅದೇ ಡೇಟಾಬೇಸ್, ಬಳಸುವವರೂ ಅಷ್ಟೇ ಜನ. ಕೆಳಗಿರುವ ಸರ್ವರ್ ಮಾತ್ರ ಹೊಸದು. ಪ್ರೊಸೆಸರ್ ಹೊಸದು, ಡಿಸ್ಕ್ ಎಲ್ಲಾ ಎಸ್‌ಎಸ್‌ಡಿ. ಆದರೂ ನಿಧಾನ.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್, ಹೈಪರ್‌ವೈಸರ್ ಮಾರುವ ವಿಎಂವೇರ್ ಕಂಪನಿಯನ್ನು ಕೊಂಡಿತು. ಮರು ತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಅಲ್ಲಿಂದೀಚೆಗೆ ಪ್ರಾಕ್ಸ್‌ಮಾಕ್ಸ್‌ಗೋ, ಮೈಕ್ರೋಸಾಫ್ಟ್‌ನ ಹೈಪರ್-ವಿಗೋ, ಬೇರೆ ಯಾವುದಾದರೂ ಕೆವಿಎಂ (ಲಿನಕ್ಸ್‌ನದೇ ಹೈಪರ್‌ವೈಸರ್) ಆಧಾರಿತ ವ್ಯವಸ್ಥೆಗೋ ಹೋಗುವವರು ಜಾಸ್ತಿ ಆಗಿದ್ದಾರೆ. ಹಾಗಾಗಿ ಇವತ್ತು ಹೆಚ್ಚಿನ ಉದಾಹರಣೆಗಳನ್ನು ಆ ದಾರಿಯಿಂದಲೇ ಕೊಡುತ್ತೇನೆ. ಬೇರೆ ದಾರಿಯಲ್ಲಿ ಹೋಗುವವರಿಗೂ ತತ್ವ ಅದೇ.

ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನಿಧಾನವಾದ ವಿಎಂ ಹೆಚ್ಚಿನ ಸಲ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಯಾವುದಕ್ಕೆ ಕಾಯುತ್ತಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಬದಲಾಯಿಸಬೇಡಿ. ಗೊತ್ತಾದ ಮೇಲೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಲೆಕ್ಕಪತ್ರದ ಡೇಟಾಬೇಸ್ ಇದ್ದ ಒಂದು ವಿಂಡೋಸ್ ವಿಎಂ ಅನ್ನು ಕೆವಿಎಂಗೆ ತಂದಿದ್ದೆ. ಬೂಟ್ ಆಯಿತು, ಲಾಗಿನ್ ಆಯಿತು, ಎಲ್ಲರೂ ಮನೆಗೆ ಹೋದೆವು. ಕೆಲಸದ ದಿನ ಶುರುವಾದ ಮೇಲೆ ಬಿಲ್ ಸೇವ್ ಮಾಡಿದರೆ ಚಕ್ರ ಸುತ್ತುತ್ತಲೇ ಇತ್ತು. ನಾನು ಮೊದಲು ನಾಲ್ಕಿದ್ದ ವಿಸಿಪಿಯು (ವಿಎಂಗೆ ಕೊಡುವ ವರ್ಚುವಲ್ ಪ್ರೊಸೆಸರ್) ಎಂಟು ಮಾಡಿದೆ. ಏನೂ ಆಗಲಿಲ್ಲ. ರ್‍ಯಾಮ್ ದುಪ್ಪಟ್ಟು ಮಾಡಿದೆ. ಅದರಿಂದಲೂ ಏನೂ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸಿಪಿಯು ಬಳಕೆ ತೀರ ಕಡಿಮೆ ಇದೆ ಅಂತ ಟಾಸ್ಕ್ ಮ್ಯಾನೇಜರ್ ತೋರಿಸುತ್ತಲೇ ಇತ್ತು. ಕೆಲಸವೇ ಇಲ್ಲದೆ ಕೂತಿರುವ ಸಿಪಿಯುಗೆ ಇನ್ನೂ ನಾಲ್ಕು ಜೊತೆಗಾರರನ್ನು ಕೊಟ್ಟು ಏನು ಪ್ರಯೋಜನ? ಎರಡು ದಿನ ಹೀಗೆ ಹೋದ ಮೇಲೆ ವಿಎಂ ಹಾರ್ಡ್‌ವೇರ್ ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದಿದೆ. ಡಿಸ್ಕ್ ಇದ್ದದ್ದು ಐಡಿಇ ಅನ್ನುವ ಹಳೆಯ ಕಾಲದ ಡಿಸ್ಕ್ ಜೋಡಣೆಯ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ನೋಡಿದ ಮಟ್ಟಿಗೆ, ಸ್ಥಳಾಂತರದ ನಂತರದ ನಿಧಾನಕ್ಕೆ ಮೊದಲು ಹುಡುಕಬೇಕಾದ ಜಾಗ ಇದೇ.

ಹೈಪರ್‌ವೈಸರ್ ತನ್ನ ಗೆಸ್ಟ್‌ಗೆ, ಅಂದರೆ ತನ್ನ ಮೇಲೆ ಓಡುವ ವಿಎಂಗೆ, ಒಂದು ಸಾಧನವನ್ನು ಎರಡು ರೀತಿಯಲ್ಲಿ ತೋರಿಸಬಹುದು. ಒಂದು, ನಿಜವಾಗಿ ಇದ್ದ ಹಳೆಯ ಸಾಧನದ ತದ್ರೂಪು ನಕಲು. 1990ರ ದಶಕದ ಐಡಿಇ ಕಂಟ್ರೋಲರ್, ಇಂಟೆಲ್‌ನ ಇ1000 ನೆಟ್‌ವರ್ಕ್ ಕಾರ್ಡ್, ಇಂಥವು. ಎಲ್ಲಾ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಇವುಗಳ ಡ್ರೈವರ್ ಇರುತ್ತದೆ, ಅದೇ ಇವುಗಳ ಲಾಭ. ಆದರೆ ಗೆಸ್ಟ್ ಆ ನಕಲಿ ಸಾಧನದ ಒಂದೊಂದು ರಿಜಿಸ್ಟರ್ ಮುಟ್ಟಿದಾಗಲೂ ಪ್ರೊಸೆಸರ್ ಗೆಸ್ಟ್‌ನಿಂದ ಹೊರಗೆ ಬಂದು, ಹೈಪರ್‌ವೈಸರ್ ಏನು ಮಾಡಬೇಕೋ ಮಾಡಿ, ಮತ್ತೆ ಒಳಗೆ ಹೋಗಬೇಕು. ಇದಕ್ಕೆ ವಿಎಂ ಎಕ್ಸಿಟ್ ಅಂತ ಹೆಸರು. ಒಂದು ಸಲ ಆದರೆ ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಆದರೆ ಗೊತ್ತಾಗುತ್ತದೆ. ಜೊತೆಗೆ ಐಡಿಇ ಒಂದು ಸಲಕ್ಕೆ ಒಂದೇ ಕೆಲಸ ಒಪ್ಪಿಕೊಳ್ಳುತ್ತದೆ. ಅದು ಮುಗಿಯುವವರೆಗೆ ಉಳಿದವು ಸಾಲಿನಲ್ಲಿ ನಿಲ್ಲಬೇಕು.

ಎರಡನೆಯದು, ತಾನು ವರ್ಚುವಲ್ ಮಷೀನ್ ಅಂತ ಗೆಸ್ಟ್‌ಗೆ ಗೊತ್ತಿದ್ದು ಹೈಪರ್‌ವೈಸರ್ ಜೊತೆ ನೇರವಾಗಿ ಮಾತಾಡುವುದು. ಕೆವಿಎಂನಲ್ಲಿ ಇದಕ್ಕೆ ವರ್ಟ್‌ಐಒ, ವಿಎಂವೇರ್‌ನಲ್ಲಿ ಪಿವಿಸ್ಕಸಿ ಮತ್ತು ವಿಎಂಎಕ್ಸ್‌ನೆಟ್3, ಹೈಪರ್-ವಿಯಲ್ಲಿ ವಿಎಂಬಸ್. ವರ್ಟ್‌ಐಒದಲ್ಲಿ ಇಬ್ಬರಿಗೂ ಕಾಣುವ ಮೆಮೊರಿಯಲ್ಲಿ ಒಂದು ಉಂಗುರದಂಥ ಸಾಲು ಇರುತ್ತದೆ. ಗೆಸ್ಟ್ ಅದರಲ್ಲಿ ಹತ್ತಾರು ಬೇಡಿಕೆ ಬರೆದಿಟ್ಟು ಒಂದೇ ಸಲ ಬಾಗಿಲು ತಟ್ಟಿದರೆ ಸಾಕು.

ಈಗ ನೋಡಿ. ವಿಎಂವೇರ್‌ನಲ್ಲಿದ್ದಾಗ ಗೆಸ್ಟ್‌ನಲ್ಲಿ ವಿಎಂವೇರ್‌ನ ಡ್ರೈವರ್‌ಗಳಿದ್ದವು. ಹೊಸ ಜಾಗದಲ್ಲಿ ಬೇಕಾದ ವರ್ಟ್‌ಐಒ ಡ್ರೈವರ್ ವಿಂಡೋಸ್‌ನಲ್ಲಿ ತಾನಾಗಿ ಇರುವುದಿಲ್ಲ. ಆಗ ಇಂಪೋರ್ಟ್ ಮಾಡುವವರು, ಅಥವಾ ಇಂಪೋರ್ಟ್ ಮಾಡುವ ಸಾಧನ, ಹೇಗಾದರೂ ಬೂಟ್ ಆಗಲಿ ಅಂತ ಐಡಿಇ ಅಥವಾ ಸಾಟಾ ಮತ್ತು ಇ1000 ಆರಿಸುತ್ತಾರೆ. ಬೂಟ್ ಆಗುತ್ತದೆ. ಆಮೇಲೆ ಅದನ್ನು ಬದಲಾಯಿಸಬೇಕು ಅನ್ನುವುದು ಮರೆತೇ ಹೋಗುತ್ತದೆ.

ಬದಲಾಯಿಸುವಾಗಲೂ ಒಂದು ಕ್ರಮ ಇದೆ. ವಿಂಡೋಸ್‌ನಲ್ಲಿ ಬೂಟ್ ಡಿಸ್ಕನ್ನು ಸೀದಾ ವರ್ಟ್‌ಐಒಗೆ ಹಾಕಿದರೆ ನೀಲಿ ಪರದೆ ಬಂದು ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅನ್ನುತ್ತದೆ. ಡ್ರೈವರ್ ಇನ್‌ಸ್ಟಾಲ್ ಮಾಡಿದ ಮೇಲೂ ಹೀಗಾಗಬಹುದು. ಬೂಟ್ ಹೊತ್ತಿಗೆ ಆ ಡ್ರೈವರ್ ಲೋಡ್ ಆಗಬೇಕು ಅಂತ ವಿಂಡೋಸ್‌ಗೆ ಇನ್ನೂ ಗೊತ್ತಿರುವುದಿಲ್ಲ, ಅದೇ ಕಾರಣ. ಹಾಗಾಗಿ ಮೊದಲು ವರ್ಟ್‌ಐಒ-ವಿನ್ ಐಎಸ್‌ಒದಿಂದ ಡ್ರೈವರ್ ಹಾಕಿ. ನಂತರ 1 ಜಿಬಿಯ ಒಂದು ಖಾಲಿ ಡಿಸ್ಕನ್ನು ವರ್ಟ್‌ಐಒ ಸ್ಕಸಿ ಮೇಲೆ ಸೇರಿಸಿ ಬೂಟ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಡಿಸ್ಕ್ ಕಂಡಿತು ಅಂದರೆ ಡ್ರೈವರ್ ನೆಲೆಯಾಯಿತು. ಆಮೇಲೆ ವಿಎಂ ಆಫ್ ಮಾಡಿ, ಖಾಲಿ ಡಿಸ್ಕ್ ತೆಗೆದು, ಮುಖ್ಯ ಡಿಸ್ಕನ್ನು ಬದಲಾಯಿಸಿ, ಬೂಟ್ ಆರ್ಡರ್ ಸರಿಮಾಡಿ.

ಲಿನಕ್ಸ್‌ನಲ್ಲಿ ವರ್ಟ್‌ಐಒ ಕರ್ನಲ್‌ ಜೊತೆಗೇ ಬರುತ್ತದೆ. ಆದರೆ ರೆಡ್ ಹ್ಯಾಟ್ ಬಳಗದಲ್ಲಿ ಡ್ರಾಕಟ್ ಅನ್ನುವ ಸಾಧನ ಸಾಮಾನ್ಯವಾಗಿ ಆಗ ಇರುವ ಹಾರ್ಡ್‌ವೇರ್‌ಗೆ ಬೇಕಾದಷ್ಟೇ ಡ್ರೈವರ್‌ಗಳನ್ನು ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್ ಆರಂಭಕ್ಕೆ ಬೇಕಾದ ಫೈಲ್‌ಗಳ ಕಟ್ಟು) ಒಳಗೆ ಕಟ್ಟುತ್ತದೆ. ಹಳೆಯ ಹೋಸ್ಟ್‌ನಲ್ಲೇ (ವಿಎಂಗಳು ಓಡುವ ನಿಜವಾದ ಸರ್ವರ್) ಇರುವಾಗ, ಹೋಸ್ಟ್-ಓನ್ಲಿ ಆಯ್ಕೆ ತೆಗೆದು ಇನ್ನೊಮ್ಮೆ ಕಟ್ಟಿಬಿಡಿ. ಇಲ್ಲದಿದ್ದರೆ ಹೊಸ ಜಾಗದಲ್ಲಿ ರೂಟ್ ಡಿಸ್ಕ್ ಸಿಗದೆ ಎಮರ್ಜೆನ್ಸಿ ಶೆಲ್‌ನಲ್ಲಿ ನಿಲ್ಲುತ್ತದೆ. ಮಧ್ಯರಾತ್ರಿ ಅದನ್ನು ಕಂಡವರು ಗಾಬರಿಯಾಗಿ ಸಾಟಾಗೆ ಹೋಗುತ್ತಾರೆ. ಮತ್ತೆ ಅದೇ ಕಥೆ. ವಿಎಂ ಪರಿವರ್ತಿಸುವ ವರ್ಟ್-ವಿ2ವಿ ಸಾಧನ ಬಳಸಿದರೆ ಇಂಥ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಇನ್ನೊಂದು ಮಾತು: ವಿಎಂವೇರ್ ಟೂಲ್ಸ್ (ಗೆಸ್ಟ್ ಒಳಗೆ ಹಾಕುವ ವಿಎಂವೇರ್‌ನ ಸಹಾಯಕ ತಂತ್ರಾಂಶ) ಅನ್ನು ಹೊರಡುವ ಮುಂಚೆಯೇ ತೆಗೆಯಿರಿ. ಬೇರೆ ಹೈಪರ್‌ವೈಸರ್ ಮೇಲೆ ಬಂದ ನಂತರ ವಿಂಡೋಸ್‌ನಲ್ಲಿ ಅದರ ಅನ್‌ಇನ್‌ಸ್ಟಾಲರ್ ಕೆಲಸ ಮಾಡಲು ತಕರಾರು ಮಾಡುತ್ತದೆ.

ನನ್ನ ಆ ವಿಎಂಗೆ ಮರಳೋಣ. ವರ್ಟ್‌ಐಒಗೆ ಬದಲಾಯಿಸಿದ ಮೇಲೆ ವರದಿಗಳು ಬೇಗ ತೆರೆದುಕೊಂಡವು. ಬಿಲ್ ಸೇವ್ ಮಾತ್ರ ಇನ್ನೂ ಎಳೆಯುತ್ತಿತ್ತು. ದೊಡ್ಡ ಫೈಲ್ ಕಾಪಿ ಮಾಡಿ ನೋಡಿದರೆ ಹಳೆಯದಕ್ಕಿಂತ ವೇಗ. ಹಾಗಾದರೆ ಡಿಸ್ಕ್ ಚೆನ್ನಾಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಡೇಟಾಬೇಸ್ ಒಂದು ಕಮಿಟ್ ಮಾಡುವಾಗ, ಅಂದರೆ ಬದಲಾವಣೆಯನ್ನು ಖಾಯಂ ಮಾಡುವಾಗ, ತನ್ನ ಲಾಗ್‌ಗೆ ಚಿಕ್ಕದೊಂದು ತುಣುಕು ಬರೆದು, "ಇದು ನಿಜವಾಗಿ ಡಿಸ್ಕ್ ಮೇಲೆ ಇಳಿಯಿತೇ?" ಅಂತ ಕೇಳುತ್ತದೆ. ಲಿನಕ್ಸ್‌ನಲ್ಲಿ ಈ ಕೇಳಿಕೆಯ ಹೆಸರು ಎಫ್‌ಸಿಂಕ್. ಹೌದು ಅಂತ ಉತ್ತರ ಬರುವವರೆಗೆ ಅದು ಮುಂದೆ ಹೋಗುವುದಿಲ್ಲ. ಕರೆಂಟ್ ಹೋದರೂ ನಿಮ್ಮ ಬಿಲ್ ಉಳಿಯಬೇಕು, ಅದಕ್ಕೇ ಈ ಕಟ್ಟುನಿಟ್ಟು. ಹಳೆಯ ಸರ್ವರ್‌ನಲ್ಲಿ ಬ್ಯಾಟರಿ ಇರುವ ಕ್ಯಾಷ್ (ತಾತ್ಕಾಲಿಕ ಮೆಮೊರಿ) ಹೊಂದಿದ ರೇಡ್ ಕಂಟ್ರೋಲರ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಇತ್ತು. ತುಣುಕು ಆ ಕ್ಯಾಷ್‌ಗೆ ಬಂದ ತಕ್ಷಣ ಅದು "ಇಳಿಯಿತು" ಅನ್ನುತ್ತಿತ್ತು. ಬ್ಯಾಟರಿ ಇದ್ದದ್ದರಿಂದ ಆ ಮಾತು ನಂಬಬಹುದಾದದ್ದೇ. ಹೊಸ ಸರ್ವರ್‌ನಲ್ಲಿ ರೇಡ್ ಕಂಟ್ರೋಲರ್ ಇಲ್ಲ, ಸಾಧಾರಣ ಎಸ್‌ಎಸ್‌ಡಿಗಳ ಮೇಲೆ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್. ಆ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಕ್ಯಾಷ್ ಕಾಪಾಡುವ ಕೆಪಾಸಿಟರ್ ಇರಲಿಲ್ಲ. ಹಾಗಾಗಿ ಪ್ರತಿ ಎಫ್‌ಸಿಂಕ್‌ಗೂ ಅವು ಫ್ಲಾಷ್ ಚಿಪ್‌ಗೇ ಬರೆದು ಉತ್ತರಿಸಬೇಕು.

ಲೆಕ್ಕ ಹಾಕಿ ನೋಡಿ. ಒಂದು ಎಫ್‌ಸಿಂಕ್‌ಗೆ 5 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಒಂದರ ಹಿಂದೆ ಒಂದು ಬಂದರೆ ಸೆಕೆಂಡಿಗೆ 200 ಮಾತ್ರ. ಒಂದು ಬಿಲ್ ಸೇವ್ ಮಾಡಲು ಸಾಫ್ಟ್‌ವೇರ್ 300 ಕಮಿಟ್ ಮಾಡಿದರೆ 1.5 ಸೆಕೆಂಡ್ ಕಾಯಬೇಕು. ಅದೇ 0.1 ಮಿಲಿಸೆಕೆಂಡ್ ಆಗಿದ್ದರೆ 0.03 ಸೆಕೆಂಡ್. ಎರಡೂ ಡಿಸ್ಕ್‌ಗಳಲ್ಲಿ ದೊಡ್ಡ ಫೈಲ್ ಕಾಪಿ ವೇಗ ಒಂದೇ ಇರಬಹುದು. ಅದಕ್ಕೇ ಡಿಡಿ ಕಮಾಂಡ್‌ನಲ್ಲಿ ಸೊನ್ನೆಗಳನ್ನು ಬರೆದು ಡಿಸ್ಕ್ ಪರೀಕ್ಷೆ ಮುಗಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಫ್‌ಐಒ ಅನ್ನುವ ಡಿಸ್ಕ್ ಪರೀಕ್ಷಾ ಸಾಧನ ಬಳಸಿ. ಬ್ಲಾಕ್ 4 ಕೆಬಿ, ಕ್ಯೂ ಡೆಪ್ತ್ 1 (ಒಂದು ಸಲಕ್ಕೆ ಒಂದೇ ಬೇಡಿಕೆ), ಪ್ರತಿ ಬರಹಕ್ಕೂ ಎಫ್‌ಸಿಂಕ್. ಫಲಿತಾಂಶದಲ್ಲಿ ಎಂಬಿಪಿಎಸ್ ಬಿಟ್ಟು ಲೇಟೆನ್ಸಿ (ಒಂದು ಬೇಡಿಕೆಗೆ ಹಿಡಿಯುವ ಸಮಯ) ನೋಡಿ. ಸರಾಸರಿಯ ಜೊತೆ 99ನೇ ಪರ್ಸೆಂಟೈಲ್ ಕೂಡ ಓದಿ. ಬಳಸುವವರು ಬೈಯುವುದು ಆ ಕೊನೆಯ ಒಂದು ಶೇಕಡಾಕ್ಕೆ.

ಇಲ್ಲೊಂದು ಆಮಿಷ ಇದೆ, ಎಚ್ಚರ. ಡಿಸ್ಕ್ ಸೆಟ್ಟಿಂಗ್‌ನಲ್ಲಿ ಕ್ಯಾಷ್ ಮೋಡ್ ಅನ್‌ಸೇಫ್ ಅಂತ ಒಂದು ಆಯ್ಕೆ ಸಿಗುತ್ತದೆ. ಹಾಕಿದ ಕ್ಷಣ ವಿಎಂ ಹಾರುತ್ತದೆ. ಅದು ಗೆಸ್ಟ್‌ನ ಎಫ್‌ಸಿಂಕ್ ಬೇಡಿಕೆಯನ್ನು ಕಸದ ಬುಟ್ಟಿಗೆ ಹಾಕಿ, ಎಲ್ಲಾ ಇಳಿಯಿತು ಅಂತ ಸುಳ್ಳು ಹೇಳುತ್ತದೆ. ಒಂದು ದಿನ ಹೋಸ್ಟ್ ಹಠಾತ್ತನೆ ನಿಂತರೆ ಡೇಟಾಬೇಸ್ ಹಾಳಾಗಬಹುದು. ಬೇರೆಯವರ ಲೆಕ್ಕಪತ್ರ ನಮ್ಮ ಕೈಯಲ್ಲಿರುವಾಗ ಅದನ್ನು ಮುಟ್ಟಬಾರದು. ರೈಟ್‌ಬ್ಯಾಕ್ ಬೇರೆ, ಅದು ಫ್ಲಷ್ ಬೇಡಿಕೆಯನ್ನು ಗೌರವಿಸುತ್ತದೆ. ನಾನು ಕೊನೆಗೆ ಮಾಡಿದ್ದು, ಪವರ್ ಲಾಸ್ ಪ್ರೊಟೆಕ್ಷನ್ ಇರುವ ಎಸ್‌ಎಸ್‌ಡಿ ತರಿಸಿ ಡೇಟಾಬೇಸ್ ಡಿಸ್ಕನ್ನು ಅದರ ಮೇಲಿಟ್ಟದ್ದು. ಸೇವ್ ಬಟನ್ ಒತ್ತಿದ ಕೂಡಲೇ ಬಿಲ್ ಮುಗಿಯತೊಡಗಿತು.

ಡಿಸ್ಕ್ ಬಗ್ಗೆ ಇನ್ನೂ ಮೂರು ಮಾತು. ವಿಂಡೋಸ್ ಸರ್ವರ್ 2003 ಅಥವಾ ಎಕ್ಸ್‌ಪಿ ಕಾಲದಲ್ಲಿ ಹುಟ್ಟಿದ ವಿಎಂ ಆದರೆ ಅದರ ಮೊದಲ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ ಶುರುವಾಗಿರುತ್ತದೆ. 63ನ್ನು 512ರಿಂದ ಗುಣಿಸಿದರೆ 32,256. ಅದು 4,096ರಿಂದ ಸಮನಾಗಿ ಭಾಗವಾಗುವುದಿಲ್ಲ. ಹೀಗಾಗಿ ಗೆಸ್ಟ್ ಬರೆಯುವ ಪ್ರತಿ 4 ಕೆಬಿ ತುಣುಕೂ ಕೆಳಗಿನ ಎರಡು ಬ್ಲಾಕ್‌ಗಳ ಮೇಲೆ ಕಾಲು ಚಾಚುತ್ತದೆ. ವಿಸ್ತಾ ಮತ್ತು ಸರ್ವರ್ 2008ರಿಂದ ಪಾರ್ಟಿಷನ್ 1 ಎಂಬಿ ಗಡಿಯಿಂದ ಶುರುವಾಗುತ್ತದೆ, ಅಲ್ಲಿ ಈ ತೊಂದರೆ ಇಲ್ಲ. ಎರಡನೆಯದು, ಹೊರಡುವ ಮೊದಲೇ ಸ್ನ್ಯಾಪ್‌ಶಾಟ್‌ಗಳನ್ನೆಲ್ಲ (ಡಿಸ್ಕ್‌ನ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಅಳಿಸಿ ಮುಗಿಸಿ. ಮೂರನೆಯದು, ಮೊದಲ ದಿನದ ಅಳತೆಯನ್ನು ಪೂರ್ತಿ ನಂಬಬೇಡಿ. ಥಿನ್ ಡಿಸ್ಕ್‌ನಲ್ಲಿ ಯಾವುದೇ ಜಾಗಕ್ಕೆ ಮೊದಲ ಸಲ ಬರೆಯುವಾಗ ಆ ಜಾಗವನ್ನು ಆಗಷ್ಟೇ ಹಂಚಬೇಕು. ಕ್ಯಾಷ್‌ಗಳೂ ಇನ್ನೂ ಖಾಲಿ ಇರುತ್ತವೆ.

ಇನ್ನು ಸಿಪಿಯು. ಬೇರೆ ಬೇರೆ ಹೋಸ್ಟ್‌ಗಳ ನಡುವೆ ವಿಎಂ ಓಡಾಡಲಿ ಅಂತ ಹೈಪರ್‌ವೈಸರ್ ಗೆಸ್ಟ್‌ಗೆ ಒಂದು ಹಳೆಯ, ಸರಳ ಪ್ರೊಸೆಸರ್ ಮಾದರಿಯನ್ನು ತೋರಿಸಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಬಹಳ ಕಾಲ ತಾನಾಗಿ ಸಿಗುತ್ತಿದ್ದದ್ದು ಕೆವಿಎಂ64. ಅದರಲ್ಲಿ ಎನ್‌ಕ್ರಿಪ್ಷನ್ ಬೇಗ ಮಾಡುವ ಎಇಎಸ್ ಸೂಚನೆಗಳು ಗೆಸ್ಟ್‌ಗೆ ಕಾಣುವುದಿಲ್ಲ. ಕೆಳಗಿನ ಚಿಪ್‌ನಲ್ಲಿ ಎಇಎಸ್ ಇದ್ದರೂ ಟಿಎಲ್‌ಎಸ್ (ನೆಟ್‌ವರ್ಕ್ ಎನ್‌ಕ್ರಿಪ್ಷನ್) ಮತ್ತು ಡಿಸ್ಕ್ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತವೆ. ಪೇಜ್ ಟೇಬಲ್ ಬದಲಾಯಿಸುವುದನ್ನು ಹಗುರ ಮಾಡುವ ಪಿಸಿಐಡಿ ಸೌಲಭ್ಯ ಕೂಡ ಕಾಣುವುದಿಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನುವ ಭದ್ರತಾ ದೋಷ ಬೆಳಕಿಗೆ ಬಂದ ಮೇಲೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಕರ್ನಲ್‌ನ ಪೇಜ್ ಟೇಬಲ್ ಬೇರ್ಪಡಿಸುವ ರಕ್ಷಣೆ ಬಂತಲ್ಲ, ಪಿಸಿಐಡಿ ಇಲ್ಲದಿದ್ದರೆ ಅದು ಪ್ರತಿ ಸಿಸ್ಟಮ್ ಕಾಲ್‌ಗೂ ಜಾಸ್ತಿ ಬೆಲೆ ಕೇಳುತ್ತದೆ. ಲಿನಕ್ಸ್ ಗೆಸ್ಟ್‌ನಲ್ಲಿ ಎಲ್‌ಎಸ್‌ಸಿಪಿಯು ಓಡಿಸಿ, ಹಳೆಯ ಜಾಗದ ಫ್ಲ್ಯಾಗ್‌ಗಳ ಜೊತೆ ಹೋಲಿಸಿ ನೋಡಿ. ಯಾವುದು ಕಾಣೆಯಾಗಿದೆ ಅಂತ ತಕ್ಷಣ ಸಿಗುತ್ತದೆ. ಹೋಸ್ಟ್ ಅನ್ನುವ ಸಿಪಿಯು ಮಾದರಿ ಹಾಕಿದರೆ ಎಲ್ಲವೂ ಸಿಗುತ್ತದೆ, ಆದರೆ ಬೇರೆ ತಲೆಮಾರಿನ ಪ್ರೊಸೆಸರ್‌ಗೆ ಲೈವ್ ಮೈಗ್ರೇಷನ್ (ವಿಎಂ ಓಡುತ್ತಿರುವಾಗಲೇ ಸ್ಥಳಾಂತರ) ಕಷ್ಟ. ಹೊಸ ವಿಂಡೋಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೋಸ್ಟ್ ಮಾದರಿಯಲ್ಲಿ ವರ್ಚುವಲೈಸೇಷನ್ ಸೌಲಭ್ಯವೂ ಗೆಸ್ಟ್‌ಗೆ ಕಂಡು, ವಿಂಡೋಸ್ ತನ್ನ ವಿಬಿಎಸ್ ಭದ್ರತೆಗಾಗಿ ಒಳಗೇ ಇನ್ನೊಂದು ಹೈಪರ್‌ವೈಸರ್ ಓಡಿಸಬಹುದು. ಆಗ ಹೋಸ್ಟ್ ಮಾದರಿಯೇ ನಿಧಾನಕ್ಕೆ ಕಾರಣ ಆಗುತ್ತದೆ. ಎರಡನ್ನೂ ಹಾಕಿ ಅಳೆದು ನೋಡುವುದೇ ದಾರಿ.

ಲಿನಕ್ಸ್‌ನ ಟಾಪ್ ಕಮಾಂಡ್‌ನಲ್ಲಿ ಎಸ್‌ಟಿ ಅಂತ ಒಂದು ಅಂಕಿ ಇದೆ. ಗೆಸ್ಟ್‌ಗೆ ಕೆಲಸ ಇದ್ದೂ ಹೋಸ್ಟ್ ಸಿಪಿಯು ಕೊಡದ ಸಮಯ ಅದು. ಅದು ಏರಿದ್ದರೆ ಹೋಸ್ಟ್ ಮೇಲೆ ಜನಸಂದಣಿ ಜಾಸ್ತಿ ಅಂತ ಅರ್ಥ. ಅದೇ ಸಾಲಿನಲ್ಲಿರುವ ಡಬ್ಲ್ಯೂಎ ಏರಿದ್ದರೆ ಡಿಸ್ಕ್‌ಗೆ ಕಾಯುತ್ತಿದೆ. ವಿಂಡೋಸ್‌ನಲ್ಲಿ ಪರ್ಫಾರ್ಮೆನ್ಸ್ ಮಾನಿಟರ್ ತೆರೆದು, ಒಂದೊಂದು ಓದಿಗೆ ಮತ್ತು ಬರಹಕ್ಕೆ ಡಿಸ್ಕ್ ಸರಾಸರಿ ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಅನ್ನುವ ಎರಡು ಕೌಂಟರ್ ಹಾಕಿಕೊಳ್ಳಿ. ಇಷ್ಟನ್ನು ನಾನು ಮೊದಲ ದಿನವೇ ನೋಡಿದ್ದರೆ ಆ ಎರಡು ದಿನ ಉಳಿಯುತ್ತಿತ್ತು.

ಗಡಿಯಾರದ ವಿಷಯ ನನಗೆ ತುಂಬ ಇಷ್ಟ, ಯಾಕೆಂದರೆ ಯಾರೂ ಅಲ್ಲಿ ಹುಡುಕುವುದಿಲ್ಲ. ಡೇಟಾಬೇಸ್‌ಗಳು, ಜಾವಾ ಪ್ರೋಗ್ರಾಂಗಳು, ಲಾಗ್ ಬರೆಯುವ ಎಲ್ಲವೂ "ಈಗ ಸಮಯ ಎಷ್ಟು?" ಅಂತ ಪದೇ ಪದೇ ಕೇಳುತ್ತವೆ. ಕೆವಿಎಂ-ಕ್ಲಾಕ್ ಅಥವಾ ಟಿಎಸ್‌ಸಿ ಅನ್ನುವ ಗಡಿಯಾರ ಇದ್ದರೆ ಉತ್ತರ ಗೆಸ್ಟ್ ಒಳಗೇ ಸಿಗುತ್ತದೆ. ಎಸಿಪಿಐ-ಪಿಎಂ ಅಥವಾ ಎಚ್‌ಪಿಇಟಿ ಆದರೆ ಪ್ರತಿ ಸಲ ಹೊರಗೆ ಹೋಗಿ ಬರಬೇಕು, ಅದೇ ವಿಎಂ ಎಕ್ಸಿಟ್. ಎಷ್ಟೋ ವರ್ಷದ ಹಿಂದೆ, ಹಳೆಯ ಹೋಸ್ಟ್‌ನಲ್ಲಿ ಸಮಯ ಹಿಂದೆ ಬೀಳುತ್ತಿದೆ ಅಂತ ಯಾರೋ ಗ್ರಬ್ (ಬೂಟ್ ಮಾಡಿಸುವ ಪ್ರೋಗ್ರಾಂ) ಸಾಲಿನಲ್ಲಿ ಕ್ಲಾಕ್‌ಸೋರ್ಸ್ (ಯಾವ ಗಡಿಯಾರ ಬಳಸಬೇಕು ಅನ್ನುವುದು) ಬದಲಾಯಿಸಿರುತ್ತಾರೆ. ಆ ಸಾಲು ವಿಎಂ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಬಿಸಿಡಿಎಡಿಟ್‌ನ ಯೂಸ್-ಪ್ಲಾಟ್‌ಫಾರ್ಮ್-ಕ್ಲಾಕ್ ಕೂಡ ಇಂಥದ್ದೇ. ಲಿನಕ್ಸ್‌ನಲ್ಲಿ ಸಿಸ್ ಡೈರೆಕ್ಟರಿಯ ಒಳಗೆ ಕರೆಂಟ್ ಕ್ಲಾಕ್‌ಸೋರ್ಸ್ ಅಂತ ಫೈಲ್ ಇದೆ, ಅದನ್ನು ಓದಲು ಹತ್ತು ಸೆಕೆಂಡ್ ಸಾಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ. ಕೆವಿಎಂ ಮೇಲೆ ವಿಂಡೋಸ್ ಓಡಿಸುವಾಗ ಹೈಪರ್-ವಿ ಎನ್‌ಲೈಟನ್‌ಮೆಂಟ್‌ಗಳು ಆನ್ ಆಗಿರಬೇಕು. ವಿಂಡೋಸ್‌ಗೆ ಪರಿಚಯ ಇರುವುದು ಹೈಪರ್-ವಿ ಭಾಷೆ, ಕೆವಿಎಂ ಅದನ್ನು ಆಡಿ ತೋರಿಸುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಓಎಸ್ ಟೈಪ್ ವಿಂಡೋಸ್ ಅಂತ ಕೊಟ್ಟರೆ ಅದು ತಾನಾಗಿ ಆಗುತ್ತದೆ. ಇಂಪೋರ್ಟ್ ಮಾಡುವಾಗ ಅವಸರದಲ್ಲಿ ಲಿನಕ್ಸ್ ಅಂತಲೇ ಬಿಟ್ಟರೆ ಗೆಸ್ಟ್ ಒಳಗೆ ಏನೂ ನಡೆಯದಿದ್ದರೂ ಹೋಸ್ಟ್‌ನಲ್ಲಿ ಆ ವಿಎಂ ಸಿಪಿಯು ತಿನ್ನುತ್ತಿರುತ್ತದೆ. ಒಳಗೆ ಶಾಂತ, ಹೊರಗೆ ಬಿಸಿ. ಇದು ಕಂಡರೆ ಓಎಸ್ ಟೈಪ್ ನೋಡಿ.

ಮೆಮೊರಿ ಬಗ್ಗೆ ಚಿಕ್ಕದಾಗಿ: ಹೋಸ್ಟ್ ಸ್ವಾಪ್ ಮಾಡುತ್ತಿದ್ದರೆ (ಮೆಮೊರಿ ಸಾಲದೆ ಡಿಸ್ಕ್ ಬಳಸುತ್ತಿದ್ದರೆ) ಗೆಸ್ಟ್‌ಗೆ ಅದು ಕಾಣುವುದೇ ಇಲ್ಲ, ಹಾಗಾಗಿ ಹೋಸ್ಟ್ ಮೇಲೂ ಒಮ್ಮೆ ಕಣ್ಣಾಡಿಸಿ. ಹೋಸ್ಟ್ ಬಯೋಸ್‌ನಲ್ಲಿ ಪವರ್ ಸೇವಿಂಗ್ ಇದೆಯಾ ಅನ್ನುವುದನ್ನೂ ನೋಡಿ.

ನೆಟ್‌ವರ್ಕ್‌ನಲ್ಲಿ ಒಂದು ಗುರುತು ನೆನಪಿಡಿ. ತಡ ಯಾವಾಗಲೂ ಸರಿಯಾಗಿ 5 ಸೆಕೆಂಡ್, 10 ಸೆಕೆಂಡ್ ಹೀಗೆ ಬರುತ್ತಿದ್ದರೆ ಅದು ಯಾವುದೋ ಟೈಮ್‌ಔಟ್. ಲಿನಕ್ಸ್‌ನಲ್ಲಿ ಡಿಎನ್‌ಎಸ್ ಸರ್ವರ್ (ಹೆಸರಿಗೆ ವಿಳಾಸ ಹುಡುಕಿಕೊಡುವುದು) ಉತ್ತರಿಸದಿದ್ದರೆ ತಾನಾಗಿ ಕಾಯುವುದು 5 ಸೆಕೆಂಡ್. ಹೊಸ ವಿಲ್ಯಾನ್‌ನಿಂದ (ಬೇರ್ಪಡಿಸಿದ ನೆಟ್‌ವರ್ಕ್ ಭಾಗ) ಹಳೆಯ ಡಿಎನ್‌ಎಸ್ ಸರ್ವರ್ ಮುಟ್ಟಲಾಗದೆ ಎಲ್ಲಾ ಲಾಗಿನ್‌ಗಳೂ ತಡ ಆಗಿ, ಜನ ಡಿಸ್ಕ್ ಅನ್ನು ಬೈದದ್ದನ್ನು ಕಂಡಿದ್ದೇನೆ. ಪಿಂಗ್ ಸರಿ ಹೋಗಿ ದೊಡ್ಡ ಫೈಲ್ ಮಾತ್ರ ನೇತುಬಿದ್ದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಒಂದು ಕಡೆ 9000, ಇನ್ನೊಂದು ಕಡೆ 1500 ಇರಬಹುದು.

ಇವೆಲ್ಲದಕ್ಕೂ ಮುಂಚೆ ಮಾಡಬೇಕಾದದ್ದನ್ನು ಈಗ ಹೇಳುತ್ತೇನೆ, ಏಕೆಂದರೆ ಇದರ ಬೆಲೆ ಈಗ ಅರ್ಥವಾಗುತ್ತದೆ. ಹಳೆಯ ಜಾಗದಲ್ಲಿ ಇರುವಾಗಲೇ ಅಳೆದಿಡಿ. ಎಫ್‌ಐಒ ಫಲಿತಾಂಶ, ಸಿಪಿಯು ಫ್ಲ್ಯಾಗ್‌ಗಳು, ಕ್ಲಾಕ್‌ಸೋರ್ಸ್, ಎಲ್ಲರಿಗೂ ಗೊತ್ತಿರುವ ಒಂದು ವರದಿ ತೆರೆಯಲು ಹಿಡಿಯುವ ಸಮಯ. ಅರ್ಧ ಗಂಟೆಯ ಕೆಲಸ. ಅದು ಇಲ್ಲದಿದ್ದರೆ "ಮೊದಲು ಚೆನ್ನಾಗಿತ್ತು" ಅನ್ನುವ ನೆನಪಿನ ಜೊತೆ ಗುದ್ದಾಡಬೇಕು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಒಂದು ಸಲಕ್ಕೆ ಒಂದೇ ಬದಲಾವಣೆ ಅಂದ್ರೆ ಹೇಗೆ ಸರ್? ಫೋನ್ ಮೇಲೆ ಫೋನ್ ಬರ್ತಿರುತ್ತೆ."

ನಿಜ. ಆದರೆ ಐದು ಬದಲಾವಣೆ ಒಟ್ಟಿಗೆ ಮಾಡಿ ಅರ್ಧ ಸರಿಹೋದರೆ, ಉಳಿದರ್ಧವನ್ನು ಎಲ್ಲಿ ಹುಡುಕುತ್ತೀರಿ? ಒಂದು ಸರಿಪಡಿಸಿ ಇನ್ನೊಂದು ಕೆಡಿಸಿರಲೂಬಹುದು. ಹಳೆಯ ವಿಎಂ ಅನ್ನು ಅಳಿಸದೆ, ಆಫ್ ಮಾಡಿ ಕೆಲವು ವಾರ ಇಟ್ಟುಕೊಳ್ಳಿ. ಹೊಸದರ ಒಂದು ಪ್ರತಿ ಮಾಡಿ, ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಪ್ರಯೋಗವನ್ನೆಲ್ಲ ಅದರ ಮೇಲೆ ಮಾಡಿ.

ಇನ್ನೊಬ್ಬರ ಪ್ರಶ್ನೆ: "ನೀವು ಹೇಳಿದ್ದೆಲ್ಲ ನೋಡಿದ್ದೇವೆ. ಎಲ್ಲಾ ಅಳತೆ ಹಳೆಯದಕ್ಕಿಂತ ಚೆನ್ನಾಗಿದೆ. ಆದರೂ ಅಪ್ಲಿಕೇಶನ್ ನಿಧಾನ."

ನಾನು ತಿರುಗಿ ಕೇಳಿದೆ: ಅಪ್ಲಿಕೇಶನ್ ವಿಎಂ, ಡೇಟಾಬೇಸ್ ವಿಎಂ ಮೊದಲು ಒಂದೇ ಹೋಸ್ಟ್ ಮೇಲೆ ಇದ್ದವಾ? ಇದ್ದವಂತೆ. ಈಗ? ಬೇರೆ ಬೇರೆ ಹೋಸ್ಟ್. ಮೊದಲು ಅವುಗಳ ನಡುವಿನ ಮಾತು ಹೋಸ್ಟ್‌ನ ವರ್ಚುವಲ್ ಸ್ವಿಚ್ ದಾಟಿ ಹೊರಗೇ ಬರುತ್ತಿರಲಿಲ್ಲ. ಈಗ ಒಂದೊಂದು ಪ್ರಶ್ನೆಯೂ ಕೇಬಲ್, ಸ್ವಿಚ್, ಮತ್ತೆ ಕೇಬಲ್ ಹಾದು ಹೋಗಿ ಬರಬೇಕು. ಒಂದು ಪರದೆ ತೆರೆಯಲು ಅಪ್ಲಿಕೇಶನ್ 2000 ಸಲ ಡೇಟಾಬೇಸ್ ಕೇಳಿದರೆ, ಪ್ರತಿ ಸಲ ಅರ್ಧ ಮಿಲಿಸೆಕೆಂಡ್ ಹೆಚ್ಚಾದರೂ ಒಟ್ಟು ಒಂದು ಸೆಕೆಂಡ್. ಎರಡೂ ವಿಎಂ ಆರೋಗ್ಯವಾಗಿಯೇ ಇವೆ, ನಡುವಿನ ದಾರಿ ಉದ್ದವಾಗಿದೆ. ಎರಡನ್ನೂ ಒಂದೇ ಹೋಸ್ಟ್ ಮೇಲೆ ಇಟ್ಟು ಒಂದು ದಿನ ನೋಡಿ ಅಂದೆ. ಸರಿಹೋದರೆ ಅವೆರಡನ್ನೂ ಸದಾ ಜೊತೆಗಿಡುವ ಅಫಿನಿಟಿ ನಿಯಮ ಹಾಕಿ, ಆಮೇಲೆ ಆ 2000 ಪ್ರಶ್ನೆಗಳ ಬಗ್ಗೆ ಡೆವಲಪರ್‌ಗಳ ಜೊತೆ ಕೂತು ಮಾತಾಡಿ.